ಪೌರನೀತಿ ಪಾಠವನ್ನು ಊರಿನಿಂದಲೇ ಶುರು ಮಾಡೋಣ: ಹೈಸ್ಕೂಲ್ ಶಿಕ್ಷಕರಿಗೊಂದು ಮಾರ್ಗದರ್ಶಿ

ಕರ್ನಾಟಕ ವಿಧಾನಸಭೆಯಲ್ಲಿ ಎಷ್ಟು ಸ್ಥಾನ ಅಂತ ಹತ್ತನೇ ತರಗತಿ ಮಕ್ಕಳನ್ನು ಕೇಳಿ. 224 ಅಂತ ಥಟ್ಟನೆ ಹೇಳುತ್ತಾರೆ. ವಿಧಾನ ಪರಿಷತ್ತು 75, ಲೋಕಸಭೆಗೆ ನಮ್ಮ ರಾಜ್ಯದಿಂದ 28. ಎಲ್ಲ ಬಾಯಿಪಾಠ. ಅದೇ ಮಕ್ಕಳನ್ನು "ನಿಮ್ಮ ಬೀದಿಗೆ ನೀರು ಬಿಡುವ ಮೋಟಾರ್ ಸುಟ್ಟುಹೋದರೆ ಯಾರಿಗೆ ಹೇಳಬೇಕು?" ಅಂತ ಕೇಳಿ. ಅರ್ಧ ತರಗತಿ ಸುಮ್ಮನಾಗುತ್ತದೆ. ಯಾರೋ ಒಬ್ಬರು "ಎಂಎಲ್‌ಎಗೆ ಸರ್" ಅನ್ನುತ್ತಾರೆ.

ಮಕ್ಕಳದ್ದು ಇದರಲ್ಲಿ ಏನೂ ತಪ್ಪಿಲ್ಲ. ನಾವು ಪಾಠವನ್ನು ದೆಹಲಿಯಿಂದ ಶುರು ಮಾಡುತ್ತೇವೆ. ಪಂಚಾಯಿತಿ ತನಕ ಇಳಿದು ಬರುವಷ್ಟರಲ್ಲಿ ಪೋರ್ಷನ್ ಮುಗಿಸುವ ಗಡಿಬಿಡಿ. ಹೈಸ್ಕೂಲ್ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ಭಾಗ. ಓದಿಸುವವರು ಒಬ್ಬರೇ. ಅದರ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. ರಾಜಕೀಯದ ಮಾತು ಬಂದರೆ ಯಾರು ಏನು ದೂರು ಕೊಡುತ್ತಾರೋ ಅನ್ನುವ ಅಳುಕು ಬೇರೆ.

ಇಷ್ಟೆಲ್ಲ ಇದ್ದರೂ ಈ ಪಾಠವನ್ನು ಚೆನ್ನಾಗಿ ಮಾಡಬಹುದು. ನನ್ನ ಪಟ್ಟು ಒಂದೇ: ವ್ಯಾಖ್ಯಾನ ಆಮೇಲೆ ಬರಲಿ, ಮೊದಲು ಮಗುವಿನ ಕಣ್ಣೆದುರಿಗೆ ನಡೆಯುವ ಒಂದು ತೀರ್ಮಾನ ಬರಲಿ. ಅದನ್ನು ಯಾರು ಮಾಡಿದರು, ಯಾಕೆ ಮಾಡಿದರು, ಯಾರನ್ನು ಕೇಳಿದರು? ಇಲ್ಲಿಂದ ಹೊರಟರೆ ಸಂವಿಧಾನದವರೆಗೆ ದಾರಿ ತಾನೇ ತೆರೆದುಕೊಳ್ಳುತ್ತದೆ. ಈ ಕೆಳಗಿನ ಹೆಜ್ಜೆಗಳು ಮುಖ್ಯವಾಗಿ ಸರ್ಕಾರಿ ಹೈಸ್ಕೂಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೇರೆ ಶಾಲೆಯವರು ತಮಗೆ ಹೊಂದುವಂತೆ ಬದಲಿಸಿಕೊಳ್ಳಿ.

ಹೆಜ್ಜೆ 1: ಪಾಠಗಳನ್ನು ಕ್ಯಾಲೆಂಡರ್‌ಗೆ ಹೊಂದಿಸಿ

ಜೂನ್‌ನಲ್ಲಿ ವಾರ್ಷಿಕ ಪಾಠ ಯೋಜನೆ ಬರೆಯುವಾಗಲೇ ಇದನ್ನು ಮಾಡಿಬಿಡಿ. ಚುನಾವಣೆಯ ಪಾಠ ಮಕ್ಕಳೇ ಮತ ಹಾಕಿ ಆರಿಸುವ ಶಾಲಾ ಸಂಸತ್ತಿನ ಚುನಾವಣೆ ನಡೆಯುವ ವಾರಕ್ಕೆ ಬರಲಿ. ಸ್ಥಳೀಯ ಸರ್ಕಾರದ ಪಾಠ, ಮಕ್ಕಳು ಪಂಚಾಯಿತಿಯ ಮುಂದೆ ತಮ್ಮ ಮಾತು ಹೇಳುವ ಮಕ್ಕಳ ಗ್ರಾಮ ಸಭೆಗೆ ಮುಂಚೆ ಮುಗಿದಿರಲಿ. ಸೆಪ್ಟೆಂಬರ್ 15 ಪ್ರಜಾಪ್ರಭುತ್ವ ದಿನ, ನವೆಂಬರ್ 26 ಸಂವಿಧಾನ ದಿನ, ಜನವರಿ 25 ಮತದಾರರ ದಿನ. ಈ ದಿನಗಳಲ್ಲಿ ಶಾಲೆಯಲ್ಲಿ ಹೇಗೂ ಕಾರ್ಯಕ್ರಮ ಇದ್ದೇ ಇರುತ್ತದೆ. ಆ ಸಮಯವನ್ನೇ ಪಾಠಕ್ಕೆ ಬಳಸಿಕೊಂಡರೆ ಜಾಸ್ತಿ ಪೀರಿಯಡ್ ಹುಡುಕಬೇಕಾಗಿಲ್ಲ.

ಹೆಜ್ಜೆ 2: "ಇದು ಯಾರ ಕೆಲಸ?" ಪಟ್ಟಿ

ಇದಕ್ಕೆ ಎರಡು ಪೀರಿಯಡ್ ಸಾಕು. ಮೊದಲ ದಿನ ಮಕ್ಕಳಿಗೆ ಹೇಳಿ: ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ ಸರ್ಕಾರದ ಹತ್ತು ವಸ್ತು ಅಥವಾ ಕೆಲಸ ಬರೆದುಕೊಂಡು ಬನ್ನಿ. ಬೀದಿ ದೀಪ, ಚರಂಡಿ, ನಲ್ಲಿ, ರೇಷನ್ ಅಂಗಡಿ, ಅಂಗನವಾಡಿ, ಬಸ್ಸು, ಟ್ರಾನ್ಸ್‌ಫಾರ್ಮರ್, ಪೊಲೀಸ್ ಜೀಪು, ಅಂಚೆ ಡಬ್ಬಿ, ರೈಲ್ವೆ ಗೇಟು. ಇಷ್ಟು ಬಂದೇ ಬರುತ್ತವೆ.

ಮರುದಿನ ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ: ಪಂಚಾಯಿತಿ, ರಾಜ್ಯ, ಕೇಂದ್ರ. ಒಂದೊಂದನ್ನೂ ಎಲ್ಲಿ ಹಾಕಬೇಕು ಅಂತ ಮಕ್ಕಳೇ ವಾದ ಮಾಡಲಿ. ಅಂಚೆ ಡಬ್ಬಿ, ರೈಲ್ವೆ ಗೇಟು ಕೇಂದ್ರ. ಪೊಲೀಸ್ ರಾಜ್ಯ. ಇವು ಸುಲಭ. ಬೀದಿ ದೀಪಕ್ಕೆ ಬಂದಾಗ ಜಗಳ ಶುರುವಾಗುತ್ತದೆ. ಬಲ್ಬು ಹಾಕಿಸುವುದು ಪಂಚಾಯಿತಿ, ಕರೆಂಟು ಕೊಡುವುದು ಬೆಸ್ಕಾಂ ಅಥವಾ ಹೆಸ್ಕಾಂನಂಥ ರಾಜ್ಯದ ಕಂಪನಿ. ನಲ್ಲಿ ಇನ್ನೂ ಗೋಜಲು. ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ 2019ರಲ್ಲಿ ಕೇಂದ್ರ ಶುರು ಮಾಡಿದ್ದು. ನಮ್ಮಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಅಂತ ಹೆಸರು. ದುಡ್ಡು ಕೇಂದ್ರದ್ದೂ ಇದೆ, ರಾಜ್ಯದ್ದೂ ಇದೆ. ಪೈಪು ಹಾಕಿದ ಮೇಲೆ ದಿನಾ ನೀರು ಬಿಡುವುದು ಪಂಚಾಯಿತಿಯ ನೀರುಗಂಟಿ.

ಈ ಗೋಜಲನ್ನು ಬೇಗ ಬಿಡಿಸಿಬಿಡಬೇಡಿ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ ಯಾಕೆ ಬೇಕಾಯಿತು ಅನ್ನುವುದು ಇಲ್ಲೇ ಅರ್ಥವಾಗುತ್ತದೆ. "ನಮ್ಮ ಶಾಲೆ ಯಾವ ಕಾಲಂಗೆ?" ಅಂತ ಕೊನೆಗೆ ಕೇಳಿ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು, 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಪುಸ್ತಕದಲ್ಲಿ ಒಣಗಿಕೊಂಡು ಬಿದ್ದಿರುವ ಈ ಸಾಲಿಗೆ ಆ ಹೊತ್ತಿನಲ್ಲಿ ಜೀವ ಬರುತ್ತದೆ.

ಇದಾದ ಮೇಲೆ ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋಗಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಒಂದು ವಾರ ಮುಂಚೆ ಪತ್ರ ಕೊಡಿ. ಇಡೀ ತರಗತಿಯನ್ನು ಒಟ್ಟಿಗೆ ನುಗ್ಗಿಸಿದರೆ ಅವರಿಗೂ ಕಷ್ಟ, ಮಕ್ಕಳಿಗೂ ಏನೂ ಕೇಳಿಸುವುದಿಲ್ಲ. ನಾಲ್ಕು ತಂಡ ಮಾಡಿ, ಒಂದೊಂದಕ್ಕೆ ಒಂದೊಂದು ವಿಷಯ ಕೊಡಿ: ಕಂದಾಯ, ನೀರು, ಉದ್ಯೋಗ ಖಾತ್ರಿ ಕೆಲಸ, ಗ್ರಾಮ ಸಭೆಯ ನಡಾವಳಿ ಪುಸ್ತಕ. ಪಂಚಾಯಿತಿಗೆ ಬಂದ ದುಡ್ಡು, ಖರ್ಚಾದ ದುಡ್ಡು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮುಂಚೆಯೇ ಅದರ ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಟ್ಟರೆ ಪ್ರಶ್ನೆಗಳ ಮಟ್ಟವೇ ಬೇರೆ ಆಗುತ್ತದೆ. ಒಂದು ಲೆಕ್ಕವನ್ನೂ ಮಾಡಿಸಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು. ನಮ್ಮ ಪಂಚಾಯಿತಿಗೆ ಎಷ್ಟು ಸದಸ್ಯರಿರಬೇಕು, ಎಷ್ಟಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳು ಎಷ್ಟು? ಆಮೇಲೆ ಇನ್ನೊಂದು ಪ್ರಶ್ನೆ: ಸಭೆಯಲ್ಲಿ ಮಾತಾಡುವವರು ಆ ಸದಸ್ಯೆಯೋ, ಅವರ ಗಂಡನೋ? ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ. ಅದರ ಬಗ್ಗೆ ತರಗತಿಗೆ ವಾಪಸ್ ಬಂದ ಮೇಲೆ ಮಾತಾಡಿ, ಕಚೇರಿಯಲ್ಲಿ ಬೇಡ.

ಹೆಜ್ಜೆ 3: ಶಾಲಾ ಚುನಾವಣೆಯನ್ನು ನಿಜವಾದ ಚುನಾವಣೆಯಂತೆ ಮಾಡಿ

ಶಾಲಾ ಸಂಸತ್ತು ಬಹುತೇಕ ಎಲ್ಲ ಕಡೆ ಇದೆ. ಎಷ್ಟೋ ಕಡೆ ಮೊಬೈಲ್ ಆ್ಯಪ್‌ನಲ್ಲೇ ಮತದಾನ ಆಗುತ್ತದೆ. ಮಕ್ಕಳು ಖುಷಿಪಡುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಬಟನ್ ಒತ್ತುವುದಷ್ಟೇ ಚುನಾವಣೆ ಅಲ್ವಲ್ಲ.

ಇಲ್ಲಿ ಶಿಕ್ಷಕರಿಗೆ ಒಂದು ದೊಡ್ಡ ಅನುಕೂಲ ಇದೆ. ನಮ್ಮಲ್ಲಿ ಹೆಚ್ಚಿನವರು ಪೋಲಿಂಗ್ ಡ್ಯೂಟಿ ಮಾಡಿದವರು. ಮತಗಟ್ಟೆ ಒಳಗೆ ಏನು ನಡೆಯುತ್ತದೆ ಅಂತ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ನಮಗೆ ಗೊತ್ತು. ಅದನ್ನೇ ತರಗತಿಗೆ ತನ್ನಿ. ಮತದಾನ ಶುರುವಾಗುವ ಮುಂಚೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಅಣಕು ಮತದಾನ ಮಾಡುತ್ತೇವೆ. ಲೆಕ್ಕ ತೋರಿಸಿ, ಎಲ್ಲ ಅಳಿಸಿ, ಸೊನ್ನೆ ತೋರಿಸಿ, ಆಮೇಲೆ ಸೀಲ್ ಮಾಡುತ್ತೇವೆ. ಯಾಕೆ? ಸೋಲುವವರಿಗೂ ಫಲಿತಾಂಶದ ಮೇಲೆ ನಂಬಿಕೆ ಇರಬೇಕು. ಶಾಲೆಯಲ್ಲೂ ಹೀಗೇ ಮಾಡಿ. ಪ್ರತಿ ಅಭ್ಯರ್ಥಿಗೂ ಒಬ್ಬ ಏಜೆಂಟ್. ಮತದಾರರ ಪಟ್ಟಿ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ, ಹೆಸರು ಬಿಟ್ಟುಹೋಗಿದ್ದರೆ ಆಕ್ಷೇಪಣೆ ಹೇಳಲು ಎರಡು ದಿನ ಕೊಡಿ. ಮತದಾರರ ಸಹಿ ಪಡೆಯುವ 17ಎ ರಿಜಿಸ್ಟರ್ ತರಹ ಒಂದು ನೋಟ್‌ಬುಕ್‌ನಲ್ಲಿ ಸಹಿ. ಕೊನೆಗೆ ಬಿದ್ದ ಮತಗಳ ಲೆಕ್ಕ ಕೊಡುವ 17ಸಿ ನಮೂನೆಯ ತರಹ ಲೆಕ್ಕಪತ್ರ, ಅದರ ಪ್ರತಿ ಏಜೆಂಟರ ಕೈಗೆ.

ಯಾರದೋ ಹೆಸರಿನಲ್ಲಿ ಇನ್ನೊಬ್ಬರು ಮತ ಹಾಕಿಬಿಟ್ಟಿದ್ದರೆ ಏನು ಮಾಡುವುದು? ಈ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ನಿಜವಾದ ಮತಗಟ್ಟೆಯಲ್ಲಿ ನಿಜವಾದ ಮತದಾರರಿಗೆ ಟೆಂಡರ್ ಮತಪತ್ರ, ಅಂದರೆ ಬೇರೆಯಾಗಿ ತೆಗೆದಿಡುವ ಕಾಗದದ ಮತಪತ್ರ ಕೊಡುತ್ತಾರೆ. ಮತದಾರರ ಗುರುತಿನ ಬಗ್ಗೆ ಏಜೆಂಟ್ ತಕರಾರು ಎತ್ತಬೇಕಾದರೆ 2 ರೂಪಾಯಿ ಕಟ್ಟಬೇಕು. ಇದನ್ನು ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಬೆರಳಿನ ಶಾಯಿಯ ಕಥೆಯೂ ನಮ್ಮದೇ: 1962ರ ಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ.

ನಾಮಪತ್ರ ಹಂತದಲ್ಲಿ ಎಚ್ಚರ ಬೇಕು. ಮಾರ್ಕ್ಸ್ ಜಾಸ್ತಿ ಬಂದವರೇ ನಿಲ್ಲಬೇಕು ಅನ್ನುವ ನಿಯಮ ಮಾಡಬೇಡಿ. ಸಂವಿಧಾನ ಅಂಥ ಷರತ್ತು ಹಾಕಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಅಧ್ಯಕ್ಷ ಸ್ಥಾನದ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಶಾಲೆಯ ಮುಖ್ಯಮಂತ್ರಿ ಸ್ಥಾನಕ್ಕೂ ಈ ವರ್ಷ ಹುಡುಗಿ, ಮುಂದಿನ ವರ್ಷ ಸಾಮಾನ್ಯ ಅಂತ ಸರದಿ ಮಾಡಿ ನೋಡಿ. "ಇದು ಅನ್ಯಾಯ ಮಿಸ್" ಅಂತ ಯಾರಾದರೂ ಹುಡುಗ ಎದ್ದರೆ ಒಳ್ಳೆಯದೇ. ಮೀಸಲಾತಿ ಯಾಕೆ ಬಂತು ಅನ್ನುವ ಪಾಠಕ್ಕೆ ಅದಕ್ಕಿಂತ ಒಳ್ಳೆ ಆರಂಭ ಸಿಗುವುದಿಲ್ಲ.

ಗೆದ್ದ ಮೇಲೆ ಏನು? ಇದೇ ನಿಜವಾದ ಪರೀಕ್ಷೆ. ಆಹಾರ ಮಂತ್ರಿ ಅಂದರೆ ತಟ್ಟೆ ಜೋಡಿಸುವವರು, ಸ್ವಚ್ಛತಾ ಮಂತ್ರಿ ಅಂದರೆ ಕಸ ಗುಡಿಸುವವರು ಅಂತಾದರೆ ಮಕ್ಕಳು ಕಲಿಯುವುದು ಬೇರೆಯೇ ಪಾಠ. ಸಂಸತ್ತಿಗೆ ಒಂದಾದರೂ ನಿಜವಾದ ತೀರ್ಮಾನ ಬಿಟ್ಟುಕೊಡಿ. ಆಟದ ಮೈದಾನವನ್ನು ಯಾವ ತರಗತಿ ಯಾವ ದಿನ ಬಳಸಬೇಕು? ಗ್ರಂಥಾಲಯಕ್ಕೆ ಯಾವ ಪುಸ್ತಕ ತರಬೇಕು? ಶಾಲಾ ವಾರ್ಷಿಕೋತ್ಸವದ ಖರ್ಚು ಹೇಗೆ? ತಿಂಗಳಿಗೊಂದು ಸಭೆ, ನಡಾವಳಿ ಬರವಣಿಗೆ, ಮುಖ್ಯ ಶಿಕ್ಷಕರಾದ ಎಚ್‌ಎಂ ಅವರಿಂದ ಲಿಖಿತ ಉತ್ತರ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಕಾರಣ. ಇದನ್ನು ಎಚ್‌ಎಂ ಜೊತೆ ಜೂನ್‌ನಲ್ಲೇ ಮಾತಾಡಿಕೊಳ್ಳಿ.

ಹೆಜ್ಜೆ 4: ಹಕ್ಕುಗಳನ್ನು ಮನುಷ್ಯರ ಕಥೆಯಿಂದ ಕಲಿಸಿ

ಮೂಲಭೂತ ಹಕ್ಕುಗಳ ಪಟ್ಟಿಯನ್ನು ಬರೆಸಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಒಂದು ಮೊಕದ್ದಮೆ ಹೇಳಿದರೆ ಮರೆಯುವುದಿಲ್ಲ. ಮೂರು ಪ್ರಕರಣಗಳನ್ನು ಹೇಳುತ್ತೇನೆ. ಎರಡು ನಮ್ಮ ರಾಜ್ಯದ್ದೇ.

ಮೊದಲನೆಯದು ಮೋಹಿನಿ ಜೈನ್ ಪ್ರಕರಣ, 1992. ಉತ್ತರ ಪ್ರದೇಶದ ಹುಡುಗಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುತ್ತಾಳೆ. ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ. ಹೊರ ರಾಜ್ಯದವರಿಗೆ 60,000. ಅಷ್ಟು ಕೊಡುವ ಶಕ್ತಿ ಮನೆಯವರಿಗಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋಗುತ್ತಾಳೆ. ಇಲ್ಲಿ ನಿಲ್ಲಿಸಿ. "ನೀವು ನ್ಯಾಯಾಧೀಶರಾಗಿದ್ದರೆ ಏನು ಹೇಳುತ್ತಿದ್ದಿರಿ?" ಅಂತ ಕೇಳಿ. ಆಗ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಶಿಕ್ಷಣ ಅನ್ನುವ ಹಕ್ಕು ಬರೆದಿರಲಿಲ್ಲ ಅನ್ನುವುದನ್ನೂ ತಿಳಿಸಿ. ಶಿಕ್ಷಣ ಇಲ್ಲದೆ ಘನತೆಯ ಬದುಕಿಲ್ಲ, ಹಾಗಾಗಿ ಬದುಕುವ ಹಕ್ಕಿನೊಳಗೇ ಶಿಕ್ಷಣದ ಹಕ್ಕು ಇದೆ ಅಂತ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14 ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ ಸೀಮಿತ ಮಾಡಿತು. 2002ರ 86ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ 21ಎ ವಿಧಿ ಬಂತು, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಮಕ್ಕಳು ತರಗತಿಯಲ್ಲಿ ಕೂತಿರುವುದಕ್ಕೂ ತುಮಕೂರಿನ ಆ ಫೀಸಿಗೂ ಸಂಬಂಧ ಇದೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು. ಅದೇ ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನು, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನು ನಿಷೇಧಿಸುತ್ತದೆ. ಇದನ್ನೂ ಹೇಳಬೇಕು, ಕೋಲು ಹಿಡಿಯದೆ ಹೇಳಬೇಕು.

ಎರಡನೆಯದು ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಸಿಗಲಿಲ್ಲ. 1994ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ. ತರಗತಿಯಲ್ಲೇ ಸದನ ಮಾಡಿ ಇದನ್ನು ಆಡಿಸಬಹುದು. ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯನ್ನು ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಮೂರನೆಯದು ಕೇರಳದ ಬಿಜೊ ಇಮ್ಯಾನುಯಲ್ ಪ್ರಕರಣ, 1986. ರಾಷ್ಟ್ರಗೀತೆ ಹಾಡುವಾಗ ಮೂವರು ಒಡಹುಟ್ಟಿದ ಮಕ್ಕಳು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಇದನ್ನು ಹೇಳಿದಾಗ ತರಗತಿ ಎರಡು ಭಾಗವಾಗುತ್ತದೆ. ಆಗಲಿ ಬಿಡಿ. ತನಗೆ ಇಷ್ಟವಾಗದ ನಡವಳಿಕೆಗೂ ಸಂವಿಧಾನ ರಕ್ಷಣೆ ಕೊಡಬಹುದು ಅನ್ನುವುದು ಪೌರನೀತಿಯಲ್ಲಿ ಕಲಿಯಲು ಎಲ್ಲಕ್ಕಿಂತ ಕಷ್ಟವಾದ ವಿಷಯ. ಮೂರರಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ನಾನು ಇದನ್ನೇ ಆರಿಸುತ್ತೇನೆ.

ಪೀಠಿಕೆಯ ಬಗ್ಗೆ ಒಂದು ಮಾತು. 2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನ ಪೀಠಿಕೆ ಓದಿಸುತ್ತಿದ್ದೇವೆ. ದಿನಾ ಓದಿದ್ದು ಬಾಯಿಗೆ ಬರುತ್ತದೆ, ತಲೆಗೆ ಹೋಗಬೇಕಾದರೆ ನಿಲ್ಲಿಸಿ ಕೇಳಬೇಕು. ವಾರಕ್ಕೆ ಒಂದು ಪದ ಹಿಡಿಯಿರಿ. "ಭ್ರಾತೃತ್ವ" ಅನ್ನುವ ವಾರ ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಅಂತ ಮಕ್ಕಳೇ ಗಮನಿಸಿ ಬರಲಿ. ಹೆಸರು ಹೇಳುವುದು ಬೇಡ.

ಹೆಜ್ಜೆ 5: ರಾಜಕೀಯದ ಮಾತು ಬಂದಾಗ

ಬಂದೇ ಬರುತ್ತದೆ. ಮಕ್ಕಳ ಮನೆಯಲ್ಲಿ ಟಿವಿ ಇದೆ, ಕೈಯಲ್ಲಿ ವಾಟ್ಸ್ಆ್ಯಪ್ ಇದೆ. ಬಾಯಿ ಮುಚ್ಚಿಸಿದರೆ ಆ ಮಾತು ತರಗತಿಯ ಹೊರಗೆ ಇನ್ನೂ ಕೆಟ್ಟದಾಗಿ ನಡೆಯುತ್ತದೆ.

ಪಕ್ಷದ ಬಗ್ಗೆ ಮಾತಾಡಬೇಡಿ, ವಿಷಯದ ಬಗ್ಗೆ ಮಾತಾಡಿ. "ಯಾವ ಪಕ್ಷ ಸರಿ?" ಅನ್ನುವ ಪ್ರಶ್ನೆಯನ್ನು "ಈ ತೀರ್ಮಾನದಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ?" ಅಂತ ತಿರುಗಿಸಿ. ಪ್ರತಿ ಮಗುವೂ ತನ್ನ ಮಾತು ಹೇಳುವ ಮುಂಚೆ ಎದುರಿನವರು ಹೇಳಿದ್ದನ್ನು ಅವರು ಒಪ್ಪುವಂತೆ ಒಮ್ಮೆ ಹೇಳಬೇಕು. ಈ ಒಂದು ನಿಯಮ ಅರ್ಧ ಜಗಳ ಕಡಿಮೆ ಮಾಡುತ್ತದೆ. ನಿಮ್ಮ ಮತ ಯಾರಿಗೆ ಅಂತ ಕೇಳಿದರೆ, ಗುಪ್ತ ಮತದಾನ ಅಂತ ಹೇಳಿ. ಅದೂ ಒಂದು ಪಾಠವೇ. ಇನ್ನೊಂದು ಅನುಕೂಲ ಏನೆಂದರೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಊರಿನ ವಿಷಯದಿಂದ ಶುರು ಮಾಡಿದರೆ ಪಕ್ಷದ ಬಿಸಿ ಕಡಿಮೆ.

ಯಾರಾದರೂ ಪೋಷಕರು ದೂರು ತಂದರೆ? ಪಾಠದ ಟಿಪ್ಪಣಿಯಲ್ಲಿ ಯಾವ ಘಟಕ, ಯಾವ ಕಲಿಕಾಫಲ ಅಂತ ಬರೆದಿಟ್ಟುಕೊಳ್ಳಿ. ಎಚ್‌ಎಂ ಅವರಿಗೆ ಮುಂಚೆಯೇ ತಿಳಿಸಿ. ಪೋಷಕರನ್ನು ತರಗತಿಗೆ ಬಂದು ಕೂತು ನೋಡಲು ಕರೆಯಿರಿ. ಬಂದು ನೋಡಿದವರು ಸಾಮಾನ್ಯವಾಗಿ ಸಮಾಧಾನವಾಗಿಯೇ ಹೋಗುತ್ತಾರೆ.

ಜಾತಿಯ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಇರಲಿ. ಮೀಸಲಾತಿ ಪಾಠ ಮಾಡುವಾಗ "ನಿಮ್ಮಲ್ಲಿ ಯಾರು ಯಾರು ಎಸ್‌ಸಿ, ಎಸ್‌ಟಿ?" ಅಂತ ಕೈ ಎತ್ತಿಸಬೇಡಿ. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ವರ್ಗದ ಹೆಸರು ಕೂಗಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ಪದ್ಧತಿ ಇನ್ನೂ ಹಲವು ಕಡೆ ಇದೆ. ಅದನ್ನು ಇವತ್ತೇ ನಿಲ್ಲಿಸಿ. ಆ ಕ್ಷಣದಲ್ಲಿ ತಲೆ ತಗ್ಗಿಸಿ ನಿಂತ ಮಗುವಿಗೆ ಮಧ್ಯಾಹ್ನ ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ ಪಾಠ ಮಾಡಿದರೆ ಅದು ನಂಬುವುದಾದರೂ ಹೇಗೆ? ಅರ್ಜಿಗಳನ್ನು ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು ತುಂಬಿಸಬಹುದು. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಹೆಜ್ಜೆ 6: ಮಕ್ಕಳ ಗ್ರಾಮ ಸಭೆಗೆ ತಯಾರಿ

ಮಕ್ಕಳು ಪಂಚಾಯಿತಿಯ ಮುಂದೆ ತಮ್ಮ ಮಾತು ಹೇಳುವ ಈ ಪ್ರಯೋಗಕ್ಕೆ ಬೇರು ನಮ್ಮ ಕರಾವಳಿಯಲ್ಲೇ ಇದೆ. ಕುಂದಾಪುರದ ಕೆರಾಡಿಯಂಥ ಊರುಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯಿತಿಗಳು ಇದನ್ನು ಮಾಡಿ ತೋರಿಸಿದವು. ಈಗ ಇಡೀ ರಾಜ್ಯದಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ 14ರ ನಂತರದ ದಿನಗಳಲ್ಲಿ, ಮಕ್ಕಳ ಗ್ರಾಮ ಸಭೆ ನಡೆಯಬೇಕು.

ಅದು ಹೂವಿನ ಹಾರ, ಸ್ವಾಗತ ಗೀತೆ, ದೊಡ್ಡವರ ಭಾಷಣದಲ್ಲಿ ಮುಗಿದುಹೋಗದಂತೆ ನೋಡಿಕೊಳ್ಳುವುದು ಶಿಕ್ಷಕರ ಕೈಯಲ್ಲಿದೆ. ಸಭೆಗೆ ಮೂರು ವಾರ ಮುಂಚೆ ತರಗತಿಯಲ್ಲಿ ಒಂದು ಡಬ್ಬಿ ಇಡಿ. ಹೆಸರು ಬರೆಯದೆ ಚೀಟಿ ಹಾಕಲಿ. ಶೌಚಾಲಯಕ್ಕೆ ಚಿಲಕ ಇಲ್ಲ, ಬಸ್ ಸ್ಟಾಪ್ ಹತ್ತಿರದ ಮದ್ಯದ ಅಂಗಡಿ ಮುಂದೆ ನಡೆದು ಬರಲು ಭಯ, ಹದಿನೆಂಟು ತುಂಬದ ಅಕ್ಕನಿಗೆ ಮದುವೆ ಮಾಡುತ್ತಿದ್ದಾರೆ. ಇಂಥವು ಬರುತ್ತವೆ. ಕೊನೆಯ ತರಹದ್ದು ಬಂದರೆ ಸಭೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಆ ದಿನವೇ ಕರೆ ಮಾಡಿ, ಮಗುವಿನ ಗುರುತು ಹೊರಬೀಳದಂತೆ ನೋಡಿಕೊಳ್ಳಿ.

ಉಳಿದವುಗಳಲ್ಲಿ ಪಂಚಾಯಿತಿಯ ವ್ಯಾಪ್ತಿಗೆ ಬರುವ ಮೂರನ್ನು ಮಕ್ಕಳೇ ಮತ ಹಾಕಿ ಆರಿಸಲಿ. ಹೆಚ್ಚು ಬೇಡ. ಒಂದೊಂದಕ್ಕೂ ಸಾಕ್ಷಿ ಬೇಕು. "ಚರಂಡಿ ಸರಿ ಇಲ್ಲ" ಅಂದರೆ ಸಾಲದು. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್ ಒಡೆದಿದೆ, ಎಷ್ಟು ಮನೆಗೆ ತೊಂದರೆ? ಟೇಪು ಹಿಡಿದು ಅಳೆದು ಬರಲಿ. ಮಾತಾಡುವವರು ಯಾವಾಗಲೂ ಭಾಷಣ ಸ್ಪರ್ಧೆಯಲ್ಲಿ ಗೆದ್ದವರೇ ಆಗಬೇಕಾಗಿಲ್ಲ. ಆ ಬೀದಿಯ ಮಗುವೇ ಮಾತಾಡಲಿ. ಬೇಡಿಕೆ ಬರವಣಿಗೆಯಲ್ಲಿರಲಿ, ಎರಡು ಪ್ರತಿ ಇರಲಿ. ಒಂದರ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡು ಬರಬೇಕು. ಈ ಸ್ವೀಕೃತಿಯ ಅಭ್ಯಾಸವೊಂದು ಬಂದರೂ ಮುಂದೆ ಅವರಿಗೆ ಜೀವನವಿಡೀ ಉಪಯೋಗ.

ಹೆಜ್ಜೆ 7: ಮಾರ್ಕ್ಸ್‌ಗೆ ಜೋಡಿಸಿ

ಇದು ಚಿಕ್ಕದು, ಆದರೆ ಬಿಡಬೇಡಿ. ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20. ಈ ಚಟುವಟಿಕೆಗಳನ್ನೇ ಆಂತರಿಕ ಮೌಲ್ಯಮಾಪನಕ್ಕೆ ಲೆಕ್ಕ ಹಿಡಿದರೆ ಮಕ್ಕಳೂ, ಪೋಷಕರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕಿರುಪರೀಕ್ಷೆಯ ಪ್ರಶ್ನೆಗಳನ್ನೂ ಬದಲಿಸಿ. "ಗ್ರಾಮ ಪಂಚಾಯಿತಿಯ ಕಾರ್ಯಗಳನ್ನು ಪಟ್ಟಿ ಮಾಡಿ" ಅನ್ನುವ ಬದಲು "ನಿಮ್ಮ ಊರಿನ ಕೆರೆಗೆ ಕಸ ಸುರಿಯುತ್ತಿದ್ದಾರೆ, ಪಿಡಿಒ ಅವರಿಗೆ ಪತ್ರ ಬರೆಯಿರಿ" ಅಂತ ಕೇಳಿ. ಪಟ್ಟಿ ಗೊತ್ತಿಲ್ಲದೆ ಪತ್ರ ಬರೆಯಲು ಆಗುವುದಿಲ್ಲ ಅಲ್ವಾ?

ಹೆಜ್ಜೆ 8: ಉತ್ತರ ಬರದಿದ್ದಾಗ

ಪಂಚಾಯಿತಿಗೆ ಕೊಟ್ಟ ಮೂರು ಬೇಡಿಕೆಯಲ್ಲಿ ಒಂದು ಈಡೇರಬಹುದು. ಒಂದೂ ಈಡೇರದಿರಬಹುದು. ಎಷ್ಟೋ ಶಿಕ್ಷಕರು ಈ ಕಾರಣಕ್ಕೇ ಇದಕ್ಕೆ ಕೈ ಹಾಕುವುದಿಲ್ಲ. ಮಕ್ಕಳಿಗೆ ಬೇಸರ ಆಗುತ್ತದೆ, ವ್ಯವಸ್ಥೆಯ ಮೇಲೆ ನಂಬಿಕೆ ಹೋಗುತ್ತದೆ ಅಂತ. ಬೇಸರ ಆಗುವುದು ನಿಜ. ಅದಕ್ಕೇ ಮುಂದಿನ ಮೆಟ್ಟಿಲು ಯಾವುದು ಅಂತ ಮೊದಲೇ ಹೇಳಿಕೊಟ್ಟಿರಬೇಕು.

ಒಂದು ತಿಂಗಳು ಬಿಟ್ಟು ನೆನಪಿನ ಪತ್ರ. ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಇಡುವುದು. ಅದರಲ್ಲಿ ಮಕ್ಕಳ ಅಪ್ಪ-ಅಮ್ಮಂದಿರೇ ಇರುತ್ತಾರೆ. ವಾರ್ಡ್ ಸಭೆ, ಗ್ರಾಮ ಸಭೆ ನಡೆಯುವ ದಿನ ಅವರು ಅಲ್ಲಿ ಎದ್ದು ಕೇಳಬಹುದು. ಅಲ್ಲೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ ಪತ್ರ. ಪೋಷಕರೊಬ್ಬರು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಚಿಕ್ಕದಾಗಿ, ಖಚಿತವಾಗಿ ಕೇಳುವುದನ್ನು ಕನ್ನಡ ಪೀರಿಯಡ್‌ನಲ್ಲೇ ಅಭ್ಯಾಸ ಮಾಡಿಸಬಹುದು.

ಪಂಚಾಯಿತಿಯವರನ್ನು ಶತ್ರುಗಳಂತೆ ನೋಡುವ ಧಾಟಿ ಮಾತ್ರ ಬರದಿರಲಿ. ಹಣ ಇಲ್ಲ, ಜಾಗದ ತಕರಾರಿದೆ, ಮೇಲಿನ ಕಚೇರಿಯಲ್ಲಿ ಕಡತ ಕೂತಿದೆ ಅನ್ನುವ ಕಾರಣಗಳೂ ಎಷ್ಟೋ ಸಲ ನಿಜವೇ ಇರುತ್ತವೆ. ಪಿಡಿಒ ಅವರನ್ನು ತರಗತಿಗೆ ಕರೆದು ಕಾರಣ ಕೇಳಿ. "ಯಾಕೆ ಆಗಲಿಲ್ಲ" ಅನ್ನುವುದಕ್ಕೆ ಸಿಗುವ ನೇರ ಉತ್ತರವೂ ಮಕ್ಕಳಿಗೆ ಒಂದು ಗೆಲುವೇ.

ಪತ್ರಗಳು, ಸ್ವೀಕೃತಿ, ಅಳತೆಯ ಲೆಕ್ಕ, ನಡಾವಳಿ ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಹತ್ತನೇ ತರಗತಿ ಮಕ್ಕಳು ಶಾಲೆ ಬಿಡುವ ಮುಂಚೆ ಆ ಫೈಲನ್ನು ಒಂಬತ್ತನೇ ತರಗತಿಯವರಿಗೆ ಒಪ್ಪಿಸಲಿ. ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಇದೆ, ಮುಂದೆ ಯಾರನ್ನು ಕಾಣಬೇಕು ಅಂತ ಮೊದಲ ಪುಟದಲ್ಲಿ ಅವರದೇ ಅಕ್ಷರದಲ್ಲಿ ಬರೆದಿಡಲಿ.